ಐದೂವರೆ ತಾಸು ಮುಂದೆ ಓಡಿದ ಸಂದೇಶ

ಹಳೇ ಕಂಪ್ಯೂಟರಿಗೆ ತಾನೇ ಲಿನಕ್ಸ್ ಎಂಬ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ ದಿನದಿಂದ ಸಂದೇಶನ ಕಾಲು ನೆಲದ ಮೇಲಿರಲಿಲ್ಲ. "ಇಡೀ ಯಲ್ಲಾಪುರದಲ್ಲಿ ಇದನ್ನ ಪಳಗಿಸಿದವ ಆನೊಬ್ಬನೇ!"

ಹೆಂಡತಿ ಪರಿಮಳಾ ಆನ್‌ಲೈನಿನಲ್ಲಿ ತೊಡದೇವು ಎಂಬ ಕಾಗದದಷ್ಟು ತೆಳ್ಳನೆಯ ಸಿಹಿತಿಂಡಿ ಮಾಡಲು ಕಲಿಸುವವಳು. ಸಂಜೆ ನಾಲ್ಕಾದರೆ ಸಾಕು, ಅಡುಗೆಮನೆಯಲ್ಲಿಟ್ಟ ಆ ಕಂಪ್ಯೂಟರಿನ ಕ್ಯಾಮೆರಾ ತಾನೇ ತೆರೆದುಕೊಂಡು, 'ಕ್ಲಾಸ್ ಶುರು, ಬನ್ನಿ' ಅಂತ ಶಿಷ್ಯೆಯರಿಗೆಲ್ಲ ಸಂದೇಶ ಹೋಗುವಂತೆ ಸಂದೇಶನೇ ಏರ್ಪಾಡು ಮಾಡಿದ್ದ.

ಆ ಭಾನುವಾರ ಬೆಳಿಗ್ಗೆ ಪರಿಮಳಾ, ಸಂಜೆಯ ಕ್ಲಾಸಿನ ಹೊತ್ತಿಗೆ ಮರಳುವ ಲೆಕ್ಕದಲ್ಲಿ, ಮಂಚಿಕೇರಿಗೆ ಹೊರಟು ನಿಂತಳು. "ಕಂಪ್ಯೂಟರ್ ಗಡಿಯಾರ ಐದೂವರೆ ತಾಸು ಹಿಂದೆ ಇದ್ದು. ಇವತ್ತು ಹೊಸಬ್ರೂ ಬತ್ತ. ಮರ್ಯಾದೆ ಪ್ರಶ್ನೆ!"

"ಅದೆಂತ ಮಹಾ! ಆನು ಸರಿ ಮಾಡ್ತೆ."

"ಮಾಡಿ. ತೊಡದೇವು ಮಡಕೆ ಮಾತ್ರ ಮುಟ್ಟಡಿ."

ಸಂದೇಶ ಗಡಿಯಾರವನ್ನು ಕೈಯಾರೆ ಐದೂವರೆ ತಾಸು ಮುಂದೆ ತಳ್ಳಿದ. ಸರಿಯಾಯಿತು! ಅಲ್ಲಿಗೇ ಎದ್ದಿದ್ದರೆ ಚೆನ್ನಾಗಿತ್ತು. ಆದರೆ ಮಹಾಪುರುಷರು ಅರ್ಧಕ್ಕೆ ಎದ್ದಾರೆಯೇ? ಊರಿನ ಸಮಯ ಆರಿಸುವ ಪಟ್ಟಿ ತೆರೆದ. ಯಲ್ಲಾಪುರ ಇಲ್ಲ, ಶಿರಸಿಯೂ ಇಲ್ಲ! ಹೋಗಲಿ ಅಂತ ಕೋಲ್ಕತಾ ಒತ್ತಿ, ತಿರುಗಿಯೂ ನೋಡದೆ ಎದ್ದ. ವಿಧೇಯ ಲಿನಕ್ಸು ಭಾರತದ ಲೆಕ್ಕದ ಐದೂವರೆ ತಾಸನ್ನು ತಾನೂ ಇನ್ನೊಮ್ಮೆ ಸೇರಿಸಿತು!

ಗೆದ್ದ ಕೈ ಸುಮ್ಮನಿರದು. ಸಂದೇಶ ಪಂಚೆ ಎತ್ತಿಕಟ್ಟಿ ಮಡಕೆಯನ್ನು ಬೋರಲು ಹಾಕಿ ಕಾಯಿಸಿದ, ಬಟ್ಟೆ ಸುತ್ತಿದ ಕೋಲಿನಿಂದ ಹಿಟ್ಟು ಬಳಿದ. "ಇದಕ್ಕೊಂದು ಕ್ಲಾಸು ಬೇರೆ! ಲಿನಕ್ಸ್ ಬಲ್ಲವಂಗೆ ಇದೆಂತ ಲೆಕ್ಕ?"

ಕಾಗದದಂತೆ ಏಳಬೇಕಾದ ತೊಡದೇವು ಮಡಕೆಯನ್ನು ಬಿಟ್ಟು ಬರಲಿಲ್ಲ. ಕೆರೆದ. ಕಪ್ಪಾಯಿತು. ಪಂಚೆಯ ತುದಿಯಿಂದ ಒರೆಸಿದ, ಅದಕ್ಕೂ ಮೆತ್ತಿತು! ಅಡುಗೆಮನೆಯಲ್ಲಿ ಪರಿಮಳಾ ಇರಲಿಲ್ಲ, ಪರಿಮಳವೂ ಇರಲಿಲ್ಲ. ಬರೀ ಸೀದ ವಾಸನೆ.

ಮೊಬೈಲು ಹೊಡೆದುಕೊಂಡಿತು.

"ಎಲ್ಲಿದ್ರಿ?" ಪರಿಮಳಾ.

"ಇಲ್ಲೇ... ಪೇಪರ್ ಓದ್ತಾ ಇದ್ದೆ."

"ಸುಳ್ಳು ಹೇಳಡಿ. ಇಡೀ ಕ್ಲಾಸು ನಿಂಗಳನ್ನೇ ನೋಡ್ತಾ ಇದ್ದು!"

ಸಂದೇಶ ತಲೆಯೆತ್ತಿದ. ಕ್ಯಾಮೆರಾದ ದೀಪ ಉರಿಯುತ್ತಿತ್ತು; ಬೆಳಿಗ್ಗೆ ಹತ್ತೂವರೆಗೇ ಕಂಪ್ಯೂಟರಿನಲ್ಲಿ ಸಂಜೆ ನಾಲ್ಕಾಗಿತ್ತು! ಪರದೆಯ ತುಂಬ ಹೆಂಗಸರು, ಬಾಯಿಗೆ ಸೆರಗು ಒತ್ತಿಕೊಂಡವರೇ ಎಲ್ಲ. ಪಂಚೆ ಇಳಿಬಿಟ್ಟು ನಮಸ್ಕಾರ ಮಾಡಿದ. ಅದಕ್ಕೂ ನಕ್ಕರು.

ಹಾವೇರಿಯ ಹೊಸ ಶಿಷ್ಯೆ ಶಿವರಂಜನಿಯ ಬರಹ ಪರದೆಯ ಮೇಲೆ ಮೂಡಿತು:

'ಮೇಡಂ, ಹೆಂಗ ಮಾಡಬಾರದು ಅಂತ ಸರ್ ಭಾಳ ಛಲೋ ತೋರಿಸ್ಯಾರ್ರೀ. ಹೆಂಗ ಮಾಡಬೇಕು ಅನ್ನೋದನ್ನ ಸಂಜಿಗೆ ನೀವು ತೋರಿಸ್ರಿ!'