ಕುದುರೆಮನೆಗೆ ಹೊರಟ ಕಾಲಾಳು

ಮನೆಯಲ್ಲಿ ಕಲಿತ ಕೆಲವು ನಿಯಮಗಳನ್ನು ನಾವು ಜೀವಮಾನದಲ್ಲಿ ಒಮ್ಮೆಯೂ ಪರೀಕ್ಷಿಸಿ ನೋಡುವುದಿಲ್ಲ. ಅನ್ನಕ್ಕೆ ಎಷ್ಟು ಸೀಟಿ ಎಂಬುದರಿಂದ ಹಿಡಿದು ಚದುರಂಗದ ತನಕ ನನ್ನದೆಲ್ಲ ಅಮ್ಮ ಹೇಳಿದ್ದೇ. ಅನ್ನ ಹೇಗೋ ಬೇಯುತ್ತದೆ. ಚದುರಂಗ ಮಾತ್ರ ಮೊನ್ನೆ ಕೈಕೊಟ್ಟಿತು.

ದೆಹಲಿಯ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನ ಕೆಳಮನೆಯಲ್ಲಿ ಬೋಪಯ್ಯನವರಿದ್ದರು. ಕೊಡಗಿನವರು, ಸೇನೆಯಿಂದ ನಿವೃತ್ತರಾಗಿ ಮಗನ ಜೊತೆ ಇದ್ದವರು. ಚಳಿಗಾಲದ ಭಾನುವಾರ ಹುಲ್ಲಿನ ಮೇಲೆ ಬಿಸಿಲು ಬೀಳುತ್ತಲೇ ಅವರು ಮಣೆ ಹರಡುತ್ತಿದ್ದರು, ನಾನು ಸುಲಿಯಲು ಬಟಾಣಿ ಬುಟ್ಟಿ ಹಿಡಿದು ಹೋಗುತ್ತಿದ್ದೆ. ಬುಟ್ಟಿ ಖಾಲಿಯಾಗುವ ಮೊದಲೇ ಸೋತಿರುತ್ತಿದ್ದೆ. ಕಳೆದುಹೋದ ಕಪ್ಪು ಒಂಟೆಯ ಜಾಗದಲ್ಲಿ ನಮ್ಮ ಇಂಗಿನ ಡಬ್ಬಿಯ ಮುಚ್ಚಳ ನಿಲ್ಲುತ್ತಿತ್ತು. ಸೋಲುವುದರಲ್ಲಿ ಅದೂ ಪಳಗಿತ್ತು.

ಅವರ ಮಗನಿಗೆ ವರ್ಗವಾಗಿ ಮೊನ್ನೆಯದು ನಮ್ಮ ಕೊನೆಯ ಆಟವೆಂದು ಗೊತ್ತಾಯಿತು. ಒಮ್ಮೆಯಾದರೂ ಗೆಲ್ಲದೆ ಅವರನ್ನು ಕಳಿಸಬಾರದೆಂದು ಆ ದಿನ ಬಟಾಣಿ ಮುಟ್ಟಲಿಲ್ಲ. ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಮಣೆಯ ಮೇಲೆ ಉಳಿದದ್ದು ಅವರ ಒಂಟಿ ರಾಜ. ನನ್ನ ಕಡೆ ರಾಜ, ಜೊತೆಗೊಂದು ಕಾಲಾಳು. ಅದು ಕೊನೆಯ ಸಾಲಿನ ಹೊಸ್ತಿಲಲ್ಲಿ ನಿಂತಿತ್ತು, ತಡೆಯುವವರಿಲ್ಲ. ಆದರೆ ಅದು ಹೊರಟಿದ್ದು ಕುದುರೆಯ ಮನೆಗೆ. ಕಾಲಾಳು ಯಾವ ಮನೆ ತಲುಪುತ್ತದೋ ಆ ಮನೆಯ ಕಾಯಿಯೇ ಆಗಬೇಕು ಎಂದು ಅಮ್ಮ ಕಲಿಸಿದ್ದಳು. ಒಂದು ಕುದುರೆ ಕಟ್ಟಿಕೊಂಡು ರಾಜನನ್ನು ಹಿಡಿಯಲಾಗುತ್ತದೆಯೇ? ನಿಟ್ಟುಸಿರು ಬಿಟ್ಟು, ಡ್ರಾ ಮಾಡೋಣವೇ ಎಂದೆ. ಮಾತು ಮುಗಿಯುವ ಮೊದಲೇ ಬೋಪಯ್ಯನವರು ಕೈ ಚಾಚಿದರು.

ಪಕ್ಕದಲ್ಲಿ ಬಟಾಣಿ ತಿನ್ನುತ್ತಿದ್ದ ಮಗಳು ತಲೆ ಎತ್ತಿದಳು. "ಅಮ್ಮಾ, ಕ್ವೀನ್ ಬನಾ ಲೇತೀ ನಾ! ಯಾವ ಮನೆಯಾದ್ರೂ ಕ್ವೀನ್ ಮಾಡ್ಕೋಬಹುದು."

ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ಇಷ್ಟು ವರ್ಷ ಎದುರುಬದುರು ಕೂತು ಆಡಿದರೂ ಇಬ್ಬರ ನಿಯಮ ಬೇರೆ ಎಂದು ತಿಳಿಯದೇ ಹೋದದ್ದು ಹೇಗೆ? ಯೋಚಿಸಿದಾಗ ಹೊಳೆಯಿತು: ಅವರ ಕಾಲಾಳು ಅಷ್ಟು ದೂರ ನಡೆಯುವ ಅಗತ್ಯವೇ ಬೀಳುತ್ತಿರಲಿಲ್ಲ, ನನ್ನದು ಆವತ್ತಿನ ತನಕ ತಲುಪಿಯೇ ಇರಲಿಲ್ಲ.

ನಿಮಗೆ ಗೊತ್ತಿತ್ತಲ್ಲವೇ ಎಂದು ಬೋಪಯ್ಯನವರನ್ನು ಕೇಳಿದೆ.

"ಗೊತ್ತಿತ್ತು," ಎಂದರು, ಕಾಯಿಗಳನ್ನು ಚೀಲಕ್ಕೆ ತುಂಬುತ್ತಾ. "ನೀವು ಅಷ್ಟು ಧಾರಾಳವಾಗಿ ಕೇಳಿದಿರಿ. ಬೇಡ ಅನ್ನೋಕೆ ನಾಚಿಕೆಯಾಯ್ತು."

ಹೋಗುವಾಗ ಮಣೆಯನ್ನು ನಮಗೇ ಕೊಟ್ಟುಹೋದರು. ಹೊಸ ನಿಯಮ ಈಗ ನನಗೆ ಬಾಯಿಪಾಠ. ಮಗಳ ಜೊತೆ ಆಡುತ್ತಿದ್ದೇನೆ. ಕಾಲಾಳನ್ನು ರಾಣಿ ಮಾಡುವುದು ಹೇಗೆಂದು ಯಾರು ಕೇಳಿದರೂ ಹೇಳಬಲ್ಲೆ. ಸದ್ಯಕ್ಕೆ ನನ್ನದೊಂದೂ ಅರ್ಧ ಮಣೆ ದಾಟಿಲ್ಲ.