ನೀಲಿ ಹೆಬ್ಬೆರಳಿನ ಪಜೀತಿ

ನನ್ನ ಹಣೆಬರಹವೇ ಅಷ್ಟು, ಜೀವ ಬಾಯಿಗೆ ಬಂದಾಗಲೇ ನಗೆಪಾಟಲೂ ಆಗುತ್ತದೆ. ಮೈಸೂರಿಂದ ಚೆನ್ನೈನ ತಾಂಬರಂಗೆ ಬಂದು ತಮಿಳು ಅರೆಬರೆ ಕಲಿತ ಮೇಲಂತೂ ಕೇಳುವುದೇ ಬೇಡ.

ಕಾಲುಚೀಲ

ಒಂದು ಸಂಜೆ ಆಫೀಸಿಂದ ಬಂದು ಶೂ ಕಳಚಿದರೆ ಬಲ ಹೆಬ್ಬೆರಳು ನೇರಳೆಹಣ್ಣಿನ ಬಣ್ಣ. ಮುಟ್ಟಿದರೆ ಪ್ರಾಣ ಹೋಗುವ ನೋವು.

"ಟಿ. ನಗರದಲ್ಲಿ ಅಗ್ಗಕ್ಕೆ ಸಿಕ್ತು ಅಂತ ಕಾಲುಚೀಲ ತಂದ್ರಲ್ಲ, ಬಣ್ಣ ಬಿಟ್ಟಿದೆ" ಎಂದು ಹೆಂಡತಿ ಸೋಪು ಹಾಕಿ ಉಜ್ಜಿದಳು. ನಾನು ಕಿರುಚಿದೆ. ಬಣ್ಣ ಹೋಗಲಿಲ್ಲ. ಆಮೇಲೆ ಕಾಲುಚೀಲ ಎತ್ತಿ ನೋಡಿದಳು. ಅದು ಅಚ್ಚ ಬಿಳಿ. ಇಬ್ಬರ ಮುಖವೂ ಅದೇ ಬಣ್ಣಕ್ಕೆ ತಿರುಗಿತು.

ಮೇಲಿನಿಂದ

ಗಿಂಡಿ ಬಡಾವಣೆಯ ಡಾಕ್ಟರು ಪಾದದ ನಾಡಿ ಹಿಡಿದು, "ಚೆನ್ನಾಗಿ ಬಡೀತಿದೆ" ಎಂದರು. ಉಸಿರು ಬಿಟ್ಟೆ.

"ಅದೇ ಭಯ, ಸಾರ್. ಕಾಲಿನ ದೊಡ್ಡ ರಕ್ತನಾಳ ಸರಿಯಾಗಿದೆ, ಬೆರಳು ಮಾತ್ರ ನೀಲಿ. ಮೇಲಿನಿಂದ ಏನೋ ಉದುರಿ ಬಂದು ಸಣ್ಣ ನಾಳ ಮುಚ್ಚಿದೆ."

ನಾನು ಕೈಮುಗಿದು ಛಾವಣಿ ನೋಡಿದೆ.

"ಅಷ್ಟು ಮೇಲಲ್ಲ, ಸಾರ್. ಹೊಟ್ಟೆ."

ತಳ್ಳಾದೀಂಗ

ಸ್ಕ್ಯಾನ್ ಮಾಡಿದರೆ ಹೊಟ್ಟೆಯೊಳಗಿನ ಮಹಾ ರಕ್ತನಾಳಕ್ಕೆ ಕೊಬ್ಬು ಗಾರೆಯಂತೆ ಮೆತ್ತಿತ್ತು. ಸಿಗರೇಟು ಅಂದೇ ಬಂದ್, ಮಾತ್ರೆ ಶುರು. "ಮತ್ತೆ ಉದುರಿದರೆ ಬೆರಳು ಹೋಗಬಹುದು, ಕಾಲೂ ಹೋಗಬಹುದು. ಬೇಗ ಸ್ಟೆಂಟ್ ಹಾಕೋಣ" ಎಂದರು ಡಾಕ್ಟರು. ಕೆಮ್ಮುವುದಕ್ಕೂ ಹೆದರಿಕೆಯಾಯಿತು. ವಾಪಸು ಬರುವಾಗ ಟ್ರೈನಿನಲ್ಲಿ ಯಾರೋ ತಳ್ಳಿದರು. "ತಳ್ಳಾದೀಂಗ, ತಳ್ಳಬೇಡಿ! ಒಳಗೆ ಉದುರುತ್ತೆ!" ಎಂದು ಅರಚಿದೆ. ಜನ ಗಾಬರಿಯಿಂದ ಹಿಂದೆ ಸರಿದು ಬೆಂಚೇ ಖಾಲಿ ಮಾಡಿದರು.

ಹೆಂಡತಿ ಕಣ್ಣೊರೆಸಿಕೊಂಡು ಪಕ್ಕದಲ್ಲಿ ಕೂತು, "ಸದ್ಯ, ಈ ಊರಿಗೆ ಬಂದ ಮೇಲೆ ಮೊದಲ ಸಲ ಕಿಟಕಿ ಸೀಟು" ಎಂದಳು.

ಮುಡಿಂಜಿಡುಚ್ಚು

ಸ್ಟೆಂಟ್ ಹಾಕಲು ತೊಡೆಸಂದಿಯಿಂದ ತಂತಿ ತೂರಿಸುವಾಗಲೇ ಇನ್ನಷ್ಟು ಉದುರಬಹುದೆಂದು ಮೊದಲೇ ಎಚ್ಚರಿಸಿದ್ದರು. ಆ ಜಾಗ ಮಾತ್ರ ಮರಗಟ್ಟಿಸಿದ್ದರು, ನನಗೆ ಪೂರ್ತಿ ಎಚ್ಚರ. ಹೆದರಿಕೆಗೆ, ಬರುವ ಸ್ತೋತ್ರವೂ ಮರೆತುಹೋಗಿತ್ತು. ಇದ್ದಕ್ಕಿದ್ದಂತೆ ಡಾಕ್ಟರು ಕೈ ಕೊಡವಿ, "ಮುಡಿಂಜಿಡುಚ್ಚು" ಎಂದರು.

ಮುಗಿದುಹೋಯಿತು! ಅಷ್ಟು ತಮಿಳು ನನಗೂ ಬರುತ್ತಿತ್ತು. ಕಣ್ಣೀರು ಕಿತ್ತುಕೊಂಡು ಬಂತು. "ಹೆಂಡತೀನ ಕರೀರಿ, ಕೊನೇ ಮಾತು ಹೇಳ್ಬೇಕು" ಎಂದು ನರ್ಸಿನ ಕೈ ಹಿಡಿದು ಗೋಗರೆದೆ. ಹೊರಗೆ ತಂದ ಕೂಡಲೇ ಅವಳು ಓಡಿಬಂದಳು. ಡಾಕ್ಟರು ಆಗಲೇ ಅವಳಿಗೆ ವಿಷಯ ಹೇಳಿಯಾಗಿತ್ತು.

"ಎಲ್ಲಾ ಮುಗೀತಂತೆ ಕಣೇ" ಎಂದೆ.

"ಹೂಂ ರೀ, ಆಪರೇಷನ್ ಮುಗೀತು. ಕಾಲೂ ಉಳೀತು, ನೀವೂ ಉಳಿದ್ರಿ" ಎಂದು ಬಿಕ್ಕಿ ಅತ್ತಳು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ಹೇಳಿದಳು: "ಇನ್ನೆಷ್ಟು ವರ್ಷ ನಿಮ್ಮ ಜೊತೆ ಏಗ್ಬೇಕೋ, ಅದನ್ನೂ ಡಾಕ್ಟರನ್ನೇ ಕೇಳ್ತೀನಿ ತಡೀರಿ!"