ಮೇಡಂ, ನನ್ನ ಪಾಸ್‌ವರ್ಡ್ ಏನು?

ನಾನು ಶಾಲೆಯ ಗೇಟು ದಾಟುವಷ್ಟರಲ್ಲಿ ಯಾರಾದರೊಬ್ಬರು ನಿಲ್ಲಿಸಿ "ಮೇಡಂ, ನನ್ನ ಪಾಸ್‌ವರ್ಡ್ ಏನು?" ಎಂದು ಕೇಳದ ದಿನವಿಲ್ಲ. ಸಂಕೋಚವೂ ಇಲ್ಲ. ನಿನ್ನೆ ಬಿಟ್ಟುಹೋದ ಛತ್ರಿ ಎಲ್ಲಿ ಎಂದು ಕೇಳಿದಂತೆ ಕೇಳುತ್ತಾರೆ.

ನಾನು ಭದ್ರಾವತಿಯಲ್ಲಿ, ಕಾಗದನಗರದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಮನೆ ಶಿವಮೊಗ್ಗದ ಆಲ್ಕೊಳದಲ್ಲಿ. ಒಂಬತ್ತು ವರ್ಷದಿಂದ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುತ್ತಿದ್ದೇನೆ. ಸವಳಂಗ ರಸ್ತೆಯಲ್ಲಿ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಇನ್ನೊಂದು ಶಾಲೆಯಿದೆ. ಅಲ್ಲಿಗೆ ವರ್ಗವಾದರೆ ಸಾಕು, ಈ ಜನ್ಮದಲ್ಲಿ ಬೇರೆ ಆಸೆಯಿಲ್ಲ. ನಡುವೆ ಈ ಪಾಸ್‌ವರ್ಡುಗಳು ಅಡ್ಡ ಕೂತಿವೆ.

ಗುಟ್ಟಿನ ತರಬೇತಿ

ಹಾಜರಿಗೆ, ಅಂಕಗಳಿಗೆ, ಬಿಸಿಯೂಟಕ್ಕೆ, ಮಕ್ಕಳ ಶೂಗಳಿಗೆ ಒಂದೊಂದು ಲಾಗಿನ್ ಬಂದ ಹೊಸತು. ನಮ್ಮನ್ನೆಲ್ಲ ಒಂದು ಸಭಾಂಗಣದಲ್ಲಿ ಕೂರಿಸಿ ತರಬೇತಿ ಕೊಟ್ಟರು. ತರಬೇತಿ ಕೊಡಲು ಬಂದ ಅಧಿಕಾರಿ ಒಂದೂವರೆ ಗಂಟೆ ಹೇಳಿದ್ದು ಒಂದೇ ಮಾತು: "ಪಾಸ್‌ವರ್ಡ್ ಯಾರಿಗೂ ಹೇಳ್ಬೇಡಿ. ಎಲ್ಲೂ ಬರೆದಿಡ್ಬೇಡಿ. ಹೆಂಡ್ತಿ ಕೇಳಿದ್ರೂ ಹೇಳ್ಬೇಡಿ."

ಆಮೇಲೆ ಮಾಡಿ ತೋರಿಸಲು ಕಂಪ್ಯೂಟರಿನ ಮುಂದೆ ಕೂತರು. ಎರಡು ಸಲ ಒತ್ತಿದರು, ತೆರೆಯಲಿಲ್ಲ. ಮೈಕು ಕೈಯಲ್ಲೇ ಇತ್ತು. ಸಭಾಂಗಣದ ಕೊನೆಯಲ್ಲಿ ಪ್ರೊಜೆಕ್ಟರ್ ನೋಡಿಕೊಳ್ಳುತ್ತಿದ್ದ ತಮ್ಮ ಸಹಾಯಕನಿಗೆ ಅದರಲ್ಲೇ ಕೂಗಿದರು: "ನಮ್ ಪಾಸ್‌ವರ್ಡ್ ಏನ್ರೀ?" ಆತ ಅಲ್ಲಿಂದಲೇ ಒಂದೊಂದು ಅಕ್ಷರ ಬಿಡಿಸಿ ಕೂಗಿ ಹೇಳಿದ.

ಮೇಷ್ಟ್ರುಗಳ ಅಭ್ಯಾಸ ಗೊತ್ತಲ್ಲ. ಅಷ್ಟೂ ಜನ ತಲೆ ತಗ್ಗಿಸಿ ಅದನ್ನು ನೋಟ್ಸ್ ಬರೆದುಕೊಂಡೆವು.

ಹಸಿರು ರಟ್ಟಿನ ಪುಸ್ತಕ

ಮರುದಿನ ಎಲ್ಲರೂ ತಮ್ಮ ತಮ್ಮ ಗುಟ್ಟು ತಂದು ನನಗೆ ಒಪ್ಪಿಸಿದರು. "ನೀವು ಗಣಿತದವ್ರು, ಅಂಕಿಗಳು ನಿಮಗೆ ನೆನಪಿರುತ್ತೆ." ನನಗೆ ನನ್ನ ಫೋನ್ ನಂಬರೇ ನೆನಪಿರುವುದಿಲ್ಲ. ಹಸಿರು ರಟ್ಟಿನ ಒಂದು ಪುಸ್ತಕ ತಂದು ಎಲ್ಲವನ್ನೂ ಅದರಲ್ಲಿ ಬರೆದೆ. ಹೆಡ್‌ಮಾಸ್ಟರು ಮೇಲೆ ಕೆಂಪು ಶಾಯಿಯಲ್ಲಿ 'ಅತ್ಯಂತ ಗೋಪ್ಯ' ಎಂದು ದಪ್ಪಗೆ ಬರೆದು ಸಹಿ ಮಾಡಿ ಸೀಲು ಒತ್ತಿದರು. ಯಾರಾದರೂ ಮನೆಗೆ ಒಯ್ದರೆ ಉಳಿದವರಿಗೆ ತೊಂದರೆ ಎಂದು, ದಾರ ಕಟ್ಟಿ ಸ್ಟಾಫ್‌ರೂಮಿನ ಮೇಜಿಗೆ ಬಿಗಿದಿದ್ದೇವೆ.

ಹೇಳಬಾರದ ಹೆಸರು

ಬಿಸಿಯೂಟದ ಅಡುಗೆ ಮಾಡುವ ಅಕ್ಕ ಒಂದು ದಿನ ಫೋನು ಹಿಡಿದುಕೊಂಡು ಬಂದಳು. ಆಸ್ಪತ್ರೆ ಕಾರ್ಡಿನ ಅಕೌಂಟು ತೆರೆಯುತ್ತಿಲ್ಲ. ಅದನ್ನು ಮಾಡಿಕೊಟ್ಟದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯವನು.

"ಪಾಸ್‌ವರ್ಡ್ ಏನಿಟ್ಟಿದಾನೆ?"

"ನಮ್ಮನೆಯವ್ರ ಹೆಸರು ಮೇಡಂ."

"ಏನು ಅವರ ಹೆಸರು?"

ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. "ಹೆಂಗೆ ಹೇಳ್ಲಿ ಮೇಡಂ? ಶಿವನ ಹೆಸರೇ. ನೀವೇ ತಿಳ್ಕೊಳಿ."

ಶಿವನಿಗೆ ಸಾವಿರ ಹೆಸರು. ಅಕೌಂಟು ಕೊಡುವುದು ಐದೇ ಅವಕಾಶ. ಮಂಜುನಾಥ, ಮಲ್ಲೇಶ, ರುದ್ರೇಶ, ನಂಜುಂಡ, ಈಶ್ವರ ಎಲ್ಲರೂ ಸೋತು ಅಕೌಂಟು ಬಾಗಿಲು ಹಾಕಿಕೊಂಡಿತು. ಮಾರನೆಯ ದಿನ ಹೊಸದಾಗಿ ಇಡುವ ಅವಕಾಶ ಸಿಕ್ಕಾಗ ನಾನು ಜಾಣತನ ಮಾಡಿದೆ.

"ಈ ಸಲ ಬಾಯಲ್ಲಿ ಹೇಳೋ ಹೆಸರಿಡೋಣ. ಮಗನ ಹೆಸರೇನು?"

ಮತ್ತೆ ಸೆರಗು ಬಾಯಿಗೆ ಹೋಯಿತು. "ಅವನಿಗೆ ನಮ್ ಮಾವನ ಹೆಸರಿಟ್ಟಿದೀವಲ್ಲ ಮೇಡಂ. ಅದೂ ಹೇಳೋ ಹಂಗಿಲ್ಲ."

"ಹಂಗಾದ್ರೆ ಮನೇಲಿ ಅವನನ್ನ ಏನಂತ ಕರೀತೀಯಾ?"

"ಲೋ ಅಂತೀನಿ."

ಅಕೌಂಟಿಗೆ ಕನಿಷ್ಠ ಎಂಟು ಅಕ್ಷರ ಬೇಕಿತ್ತು.

ಒಳ್ಳೆಯ ಗಳಿಗೆ

ಶಾಲೆಯ ಮುಖ್ಯ ಲಾಗಿನ್ ಹೆಡ್‌ಮಾಸ್ಟರದು. ಅದರ ಪಾಸ್‌ವರ್ಡನ್ನು ಆಗಾಗ ಬದಲಿಸದಿದ್ದರೆ ಅದು ಸತ್ತುಹೋಗುತ್ತದೆ. ಬದಲಿಸಲು ಬೇಕಾದ ಒಟಿಪಿ ಮಾತ್ರ ಇವರ ಫೋನಿಗೆ ಬರುವುದಿಲ್ಲ. ಎರಡು ವರ್ಷದ ಹಿಂದೆ ನಿವೃತ್ತರಾದ ಹಳೆಯ ಹೆಡ್‌ಮಾಸ್ಟರ ಫೋನಿಗೆ ಹೋಗುತ್ತದೆ. ನಂಬರು ಬದಲಿಸಿಕೊಡಿ ಎಂದು ಬರೆದ ಪತ್ರಗಳಿಗೆ ಉತ್ತರವಿಲ್ಲ. ಹಾಗಾಗಿ ಪ್ರತಿ ಸಲ ಫೋನು ಮಾಡಿ, ಕ್ಷೇಮ ಸಮಾಚಾರ ವಿಚಾರಿಸಿ, ಆರು ಅಂಕಿ ಕೇಳಿ ಪಡೆಯುತ್ತೇವೆ.

ಅದೂ ಯಾವಾಗ ಬೇಕಾದರೆ ಆವಾಗ ಅಲ್ಲ. ಈಗಿನ ಹೆಡ್‌ಮಾಸ್ಟರು ಪಂಚಾಂಗ ನೋಡುತ್ತಾರೆ. "ಹೊಸ ಪಾಸ್‌ವರ್ಡ್ ಅಂದ್ರೆ ಹೊಸ ಬೀಗ ಇದ್ದಂಗೆ ಮೇಡಂ. ಕೆಟ್ಟ ಗಳಿಗೇಲಿ ಹಾಕ್ಬಾರ್ದು." ಒಮ್ಮೆ ಒಳ್ಳೆಯ ಮುಹೂರ್ತದಲ್ಲಿ, ಕೀಬೋರ್ಡಿಗೆ ಕುಂಕುಮ ಹಚ್ಚಿ, ಪೂರ್ವಕ್ಕೆ ಮುಖ ಮಾಡಿ ಕೂತು ಬದಲಿಸಿದರು. ಮರುದಿನ ಮರೆತರು. ಮುಹೂರ್ತದಲ್ಲಿ ಏನೂ ದೋಷವಿರಲಿಲ್ಲವಂತೆ.

ಐದು ಬೆರಳು

ವರ್ಗಾವಣೆಯ ಅರ್ಜಿಗೆ ಅಂದು ಕೊನೆಯ ದಿನ, ಸಂಜೆ ಐದರವರೆಗೆ ಸಮಯ. ಹೆಡ್‌ಮಾಸ್ಟರ ಅರ್ಜಿಯನ್ನು ಹಿಂದಿನ ವಾರವೇ ನಾನು ತುಂಬಿ ಕೊಟ್ಟಿದ್ದೆ. ಅಂದು ಬೆಳಿಗ್ಗೆ ಉಳಿದವರದೆಲ್ಲ ತುಂಬಿ ಕಳಿಸಿ, ಊಟದ ಮೇಲೆ ನನ್ನದು ಮುಗಿಸಿ ತಲೆಯೆತ್ತಿದಾಗ ಮೂರು ಗಂಟೆ. ಇನ್ನು ಹೆಡ್‌ಮಾಸ್ಟರು ಶಾಲೆಯ ಲಾಗಿನ್‌ನಿಂದ ನನ್ನ ಅರ್ಜಿಯನ್ನು ಮುಂದೆ ಕಳಿಸಿದರೆ ಆಯಿತು. ತೆರೆದರೆ, ಅದರ ಪಾಸ್‌ವರ್ಡ್ ಊಟದ ಹೊತ್ತಿಗೆ ಸತ್ತಿತ್ತು.

"ಬದಲಿಸಿ ಸರ್," ಅಂದೆ.

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. "ಮಂಗಳವಾರ ಮೇಡಂ. ನಾಲ್ಕೂವರೆ ತನಕ ರಾಹುಕಾಲ. ನಿಮ್ಮ ಒಳ್ಳೇದಕ್ಕೇ ಹೇಳೋದು."

ಅತ್ತು ಬೇಡಿಕೊಂಡೆ, ಒಂಬತ್ತು ವರ್ಷದ ಬಸ್ಸಿನ ಕಥೆ ಹೇಳಿದೆ. ಅವರು ನನಗೆ ಚಹಾ ತರಿಸಿದರು. ಸರಿಯಾಗಿ ನಾಲ್ಕೂವರೆಗೆ ರಾಹುಕಾಲ ಮುಗಿಯಿತು. ಹಳೆಯ ಹೆಡ್‌ಮಾಸ್ಟರಿಗೆ ಫೋನು ಮಾಡಿದರೆ ಎತ್ತಿದ್ದು ಅವರ ಹೆಂಡತಿ.

"ಇವ್ರು ಈಗ ತಾನೇ ಪೂಜೆಗೆ ಕೂತ್ರು ಮಾರಾಯ್ತಿ. ಐದೂಕಾಲಿನ ತನಕ ಮಾತಾಡಲ್ಲ."

"ಅಮ್ಮಾ, ಮೆಸೇಜು ಬಂದಿರುತ್ತೆ, ನೀವೇ ಓದಿ ಹೇಳಿ."

"ನಂಗೆ ಮೊನ್ನೆ ಕಣ್ಣಿನ ಆಪರೇಷನ್ ಆಗಿದೆ, ಅಕ್ಷರ ಕಾಣಲ್ಲ. ತಡಿ, ಅವರ ಮುಂದೆ ಹಿಡೀತೀನಿ. ಬೆರಳಲ್ಲಿ ತೋರಿಸ್ಲಿ."

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎನ್ನುತ್ತಾರಲ್ಲ, ಆ ಕರಡಿ ನಾನೇ. ಆದರೆ ಅವರ ಎಡ ಅಂಗೈಯಲ್ಲಿ ಲಿಂಗ. ತೋರಿಸಲು ಉಳಿದದ್ದು ಬಲಗೈಯ ಐದೇ ಬೆರಳು. ಐದಕ್ಕಿಂತ ದೊಡ್ಡ ಅಂಕಿಯಾದರೆ ಎರಡು ಕಂತಿನಲ್ಲಿ ತೋರಿಸಬೇಕು.

ಅಮ್ಮ ಸ್ಪೀಕರಿನಲ್ಲಿ ಹೇಳುತ್ತ ಹೋದರು. "ಐದು. ಎರಡು. ಈಗ ಮುಷ್ಟಿ ಮಾಡಿದ್ರು, ಸಿಟ್ಟು ಬಂತು ಅನ್ಸುತ್ತೆ. ಐದು. ಎರಡು. ಮೂರು. ಐದು. ಮೂರು. ಕಣ್ಣು ಮುಚ್ಚಿದ್ರು. ಆಯ್ತು."

ಎಣಿಸಿದೆ. ಏಳು ಅಂಕಿ. ಒಟಿಪಿಗೆ ಬೇಕಾದದ್ದು ಆರು. ಎಂದರೆ ಎಲ್ಲೋ ಒಂದು ಕಡೆ ಐದನ್ನು ಅದರ ಮುಂದಿನ ಅಂಕಿಗೆ ಕೂಡಿಸಬೇಕು. ಹಾಗೆ ಕೂಡಿಸಬಹುದಾದ ಜಾಗ ಮೂರು. ಅವಕಾಶವೂ ಮೂರು! ಓದಿದ ಗಣಿತ ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತಲ್ಲ ಎಂದು ಎದೆಯುಬ್ಬಿತು. ಮೊದಲನೆಯದು ಒತ್ತಿದೆ, ತಪ್ಪು. ಎರಡನೆಯದು, ತಪ್ಪು. ಇನ್ನು ಮೂರನೆಯದೇ ಸರಿ, ಬೇರೆ ದಾರಿಯೇ ಇಲ್ಲ. ಹೆಡ್‌ಮಾಸ್ಟರು ಕೈಮುಗಿದು ನಿಂತರು. ಒತ್ತಿದೆ. ಲಾಗಿನ್ ಒಂದು ದಿನದ ಮಟ್ಟಿಗೆ ಮುಚ್ಚಿಹೋಯಿತು.

ಐದೂಕಾಲಿಗೆ ಪೂಜೆ ಮುಗಿಸಿ ಹಳೆಯ ಹೆಡ್‌ಮಾಸ್ಟರೇ ಫೋನು ಮಾಡಿದರು. "ಏನಮ್ಮಾ, ಮುಷ್ಟಿ ಅಂದ್ರೆ ಸೊನ್ನೆ ಅಂತ ಗೊತ್ತಾಗ್ಲಿಲ್ವಾ? ನಿಂಗೆ ಗಣಿತದ ಕ್ಲಾಸು ಕೊಟ್ಟೋರು ಯಾರು?"

ಕೊಟ್ಟವರು ಅವರೇ.

ತಿಂಗಳಾದ ಮೇಲೆ ಪಟ್ಟಿ ಬಂತು. ಸವಳಂಗ ರಸ್ತೆಯ ಆ ಶಾಲೆಗೆ ನಮ್ಮಲ್ಲಿಂದ ಒಬ್ಬರಿಗೆ ವರ್ಗವಾಗಿತ್ತು, ಹೆಡ್‌ಮಾಸ್ಟರಿಗೆ. ಬೀಳ್ಕೊಡುಗೆಯ ದಿನ ಅವರು ಕಣ್ಣಲ್ಲಿ ನೀರು ತಂದುಕೊಂಡು, "ಸಾಯೋ ತನಕ ನಿಮ್ಮನ್ನ ಮರೆಯಲ್ಲ ಮೇಡಂ" ಎಂದರು. ನನಗೂ ಅಳು ಬಂತು. ಕಾರಣ ಬೇರೆ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಫೋನು ಬಂತು. ನನ್ನ ಮನೆಯ ಹತ್ತಿರದ ಶಾಲೆಯಿಂದ, ನಮ್ಮ ಹೆಡ್‌ಮಾಸ್ಟರು. ಮಾತು ಕೊಟ್ಟಂತೆ ನನ್ನನ್ನು ಮರೆತಿರಲಿಲ್ಲ.

"ಮೇಡಂ, ನನ್ನ ಪಾಸ್‌ವರ್ಡ್ ಏನು?"